ಏಳಿಲ್ಲದ ಎಣಿಕೆ

ನಮ್ಮ ಮನೆಯಲ್ಲಿ ಏಳು ಎಂಬ ಸಂಖ್ಯೆ ಇರಲಿಲ್ಲ. ಹೀಗೆಂದರೆ ನನ್ನ ಮಕ್ಕಳು ನಗುತ್ತಾರೆ, ಅವ್ವ ಕಥೆ ಕಟ್ಟುತ್ತಾಳೆ ಅನ್ನುತ್ತಾರೆ. ಕಥೆ ಕಟ್ಟುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಕೊಟ್ಟೂರಿನ ಆ ಮನೆಯ ಪಡಸಾಲೆಯಲ್ಲಿ ಕೂತು ನಮ್ಮ ಅಜ್ಜಿ ಗೌರಮ್ಮ ಜೋಳ ಅಳೆಯುತ್ತಿದ್ದದ್ದು ಹೀಗೆಯೇ:

"ಲಾಭ... ಎರಡು... ಮೂರು... ನಾಕು... ಐದು... ಆರು... ಮತ್ತೊಂದು... ಎಂಟು..."

ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುವುದು ನಮ್ಮ ಕಡೆ ರೂಢಿ. ಆರಾದ ಮೇಲಿನ 'ಮತ್ತೊಂದು' ಕೂಡ ಅಂಥದ್ದೇ ರೂಢಿ ಇರಬೇಕೆಂದು ನಾನು ತಿಳಿದಿದ್ದೆ. ಅಜ್ಜಿ ಒಂದು ಮೊಣಕಾಲು ಮಡಚಿ, ಒಂದು ಮೊಣಕಾಲು ಎತ್ತಿ ಕೂರುತ್ತಿದ್ದಳು. ಬಲಗೈ ಸೇರನ್ನು ರಾಶಿಗೆ ಇಳಿಸುತ್ತಿತ್ತು, ಎಡಗೈ ಅದರ ತಲೆ ಸವರುತ್ತಿತ್ತು. ಸೇರು ಗೋಣಿಯೊಳಗೆ ಬರಿದಾಗುವವರೆಗೂ ಅದೇ ಎಣಿಕೆಯನ್ನು ಬಾಯಲ್ಲಿ ಗುನುಗುತ್ತಲೇ ಇರುವಳು, ಮರೆಯಬಾರದೆಂದು. ಇಪ್ಪತ್ತಾದರೆ ಒಂದು ಹುಣಸೆಬೀಜ ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ ಶುರು. ಹದಿನಾರರ ಮೇಲೂ 'ಮತ್ತೊಂದು', ಆಮೇಲೆ ಹದಿನೆಂಟು. ಗೋಣಿಯ ಬಾಯಿ ಹಿಡಿದು ಕೂರುವ ಕೆಲಸ ನನ್ನದು. ಸುಮ್ಮನೆ ಕೂರುವುದು ನನಗೆ ಶಿಕ್ಷೆ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಓಣಿಯಲ್ಲೆಲ್ಲ ನನ್ನ ಹೆಸರು ಕೆಟ್ಟಿತ್ತು. ಆ ಎಣಿಕೆಗೆ ಮಾತ್ರ ನಾನು ಅಲುಗಾಡದೆ ಕೂರುತ್ತಿದ್ದೆ. ಓಣಿಯ ಯಾರ ಮನೆಗೆ ಜೋಳ ಬಂದರೂ ಅಳೆಯಲು ಅಜ್ಜಿಯನ್ನೇ ಕರೆಯುತ್ತಿದ್ದರು.

ಸಂಜೆ ದೀಪ ಹಚ್ಚಿದ ಮೇಲೆ ನಾನು ಮಗ್ಗಿ ಒಪ್ಪಿಸಬೇಕು. ಅಪ್ಪ ಕೊಟ್ರಪ್ಪನವರದು ಶೇಂಗಾ ವ್ಯಾಪಾರ. ಅಂಗಡಿಯಿಂದ ಬಂದು, ಕಾಲು ತೊಳೆದು, ವಿಭೂತಿ ಧರಿಸಿ, ಕಂಬಕ್ಕೆ ಒರಗಿ ಕೇಳುತ್ತಿದ್ದರು. ಆರರ ಮಗ್ಗಿ ಮುಗಿದರೆ ಎಂಟರದ್ದು. ಹೀಗೇ ಬೆಳೆದವಳನ್ನು ಒಂದು ದಿನ ಶಾಲೆಯಲ್ಲಿ ಟೀಚರು ಏಳರ ಮಗ್ಗಿ ಕೇಳಿ ನಿಲ್ಲಿಸಿದರು. ನಾನು ಏಳೊಂದ್ಲೆ ಏಳು ಅಂದವಳು ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಬೆವತುಬಿಟ್ಟೆ.

"ಯಾಕವ್ವಾ ರತ್ನಾ, ಏಳರ ಮಗ್ಗಿಗೆ ನಿಮ್ಮ ಮನ್ಯಾಗ ಸೂತಕ ಐತೇನು?"

ಇಡೀ ತರಗತಿ ನಕ್ಕಿತು. ಮನೆಗೆ ಬಂದು, ಊಟದ ಹೊತ್ತಿಗೆ, ಎಲ್ಲರ ಮುಂದೆಯೇ ಅಪ್ಪನನ್ನು ಕೇಳಿದೆ, ನಾವು ಯಾಕೆ ಏಳು ಅನ್ನುವುದಿಲ್ಲ ಎಂದು. ಅಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿಗೆ ಹಾಕಿ ಎದ್ದುಹೋದರು. ಶೇಂಗಾ ಚಟ್ನಿ ಅರ್ಧ ಹಾಗೇ ಉಳಿಯಿತು. ಅವ್ವ ನನ್ನ ತೊಡೆಯನ್ನು ಚಿವುಟಿದ ಗುರುತು ಎರಡು ದಿನ ಇತ್ತು. ಆಮೇಲೆ ಶಾಲೆಯಲ್ಲಿ ಒಂದು ಎಣಿಕೆ, ಮನೆಯಲ್ಲಿ ಒಂದು ಎಣಿಕೆ ಎಂದು ನನ್ನಷ್ಟಕ್ಕೆ ನಾನೇ ಒಪ್ಪಂದ ಮಾಡಿಕೊಂಡೆ.

ನನಗೆ ಹನ್ನೊಂದು ವರ್ಷ ಆಗಿದ್ದಾಗ, ಅಪ್ಪ ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ, ಅಂಚೆಯವರು ನನ್ನ ಹೆಸರಿಗೇ ಒಂದು ಕಾಗದ ಕೊಟ್ಟು ಹೋದರು. ಅವ್ವ ಬಾಗಿಲು ಮುಂದೆ ಮಾಡಿ, ಒಡೆದು ಓದು ಎಂದಳು. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಅವಳೇ ಮೊದಲು ಗುಟ್ಟಾಗಿ ಒಂದು ಕಾರ್ಡು ಬರೆದಿದ್ದಳೆಂಬುದು ನನಗೆ ಆಮೇಲೆ ತಿಳಿದದ್ದು. ಕಾಗದ ಹೀಗಿತ್ತು:

"ಚಿರಂಜೀವಿ ರತ್ನಾಳಿಗೆ ಆಶೀರ್ವಾದ. ನೀನು ಲೆಕ್ಕದಲ್ಲಿ ಚುರುಕು ಎಂದು ಕೇಳಿದೆ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳನ್ನೂ ಒಂದೊಂದೇ ಸಲ ಬಳಸಿ ಒಂದು ಸಂಖ್ಯೆ ಬರೆ. ಎಡದಿಂದ ಮೊದಲ ಎರಡು ಅಂಕಿಗಳ ಸಂಖ್ಯೆ ಎರಡರಿಂದ ಭಾಗವಾಗಬೇಕು, ಮೊದಲ ಮೂರು ಅಂಕಿಗಳದ್ದು ಮೂರರಿಂದ, ಮೊದಲ ನಾಲ್ಕರದ್ದು ನಾಲ್ಕರಿಂದ, ಹೀಗೇ ಹತ್ತರವರೆಗೆ. ಎಲ್ಲಿಯೂ ಶೇಷ ಉಳಿಯಬಾರದು. ಅಂಥ ಸಂಖ್ಯೆ ಒಂದೇ ಒಂದು ಇದೆ. ಸಿಕ್ಕರೆ ಬರೆದು ಕಳಿಸು. ಸರಿಯಿದ್ದರೆ ನಾನೇ ಮನೆಗೆ ಬಂದು ನಿನ್ನ ಬೆನ್ನು ತಟ್ಟುತ್ತೇನೆ. ನಿನ್ನ ಚಿಗಪ್ಪ, ಸಿದ್ದಪ್ಪ."

ನನಗೆ ಚಿಗಪ್ಪ ಒಬ್ಬರಿದ್ದಾರೆಂದು ಗೊತ್ತಾದದ್ದೇ ಆಗ. ಸೋದರತ್ತೆಯರು ಐದು ಮಂದಿ ಇದ್ದರು, ಹರಪನಹಳ್ಳಿಗೆ, ಕೂಡ್ಲಿಗಿಗೆ, ಉಜ್ಜಿನಿಗೆ ಕೊಟ್ಟವರು. ಗಂಡಸೆಂದರೆ ಅಪ್ಪ ಒಬ್ಬರೇ ಎಂದುಕೊಂಡಿದ್ದೆ.

"ಹಡಗಲಿಯಾಗ ಸಾಲಿ ಮಾಸ್ತರ ಅದಾನ," ಎಂದಳು ಅವ್ವ. "ನಿಮ್ಮಪ್ಪಗೂ ಅವಗೂ ಮಾತಿಲ್ಲ. ಅವರ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು ಮತ್ತ."

ಅಜ್ಜಿ ಮೂಲೆಯಲ್ಲಿ ಕೂತು ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು. ಆ ಹೊತ್ತಿಗಾಗಲೇ ಕಣ್ಣಿಗೆ ಪೊರೆ ಬಂದು, ಆರಿಸುವುದೆಲ್ಲ ಬೆರಳಿನಲ್ಲೇ. ಮೊರವನ್ನು ಕೆಳಗಿಟ್ಟಳು.

"ಬರ್ತೀನಿ ಅಂತ ಬರದಾನೇನು? ಆ ಮಾತು ಇನ್ನೊಂದ್ಸಲ ಓದು."

ಮೂರು ಸಲ ಓದಿದೆ. ಅವತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು. ಸೊನ್ನೆ ಕೊನೆಗೇ ಬರಬೇಕು, ಹತ್ತರಿಂದ ಭಾಗವಾಗಲು. ಐದು ಐದನೆಯ ಜಾಗ ಬಿಟ್ಟು ಎಲ್ಲೂ ಕೂರುವ ಹಾಗಿಲ್ಲ. ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ ಜಾಗಗಳಲ್ಲಿ ಸಮಸಂಖ್ಯೆಗಳೇ ಇರಬೇಕು, ಉಳಿದ ಕಡೆ ಬೆಸ. ಇಷ್ಟನ್ನು ಮೊದಲ ದಿನವೇ ಹಿಡಿದೆ. ಆಮೇಲೆ ಶುರುವಾಯಿತು ಒದ್ದಾಟ. ಒಂದು ಅಂಕಿಯನ್ನು ಇಲ್ಲಿ ಕೂರಿಸಿದರೆ ಅಲ್ಲಿ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಒಲೆಯ ಇದ್ದಿಲಿನಿಂದ ಹಿತ್ತಲಿನ ಗೋಡೆಯ ಮೇಲೆ ಬರೆದೆ, ಅಪ್ಪ ಬರುವ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ರೊಟ್ಟಿ ತಟ್ಟಲು ಕೂತರೆ ಹಿಟ್ಟಿನ ಮೇಲೆ ಬೆರಳು ತಾನೇ ಓಡುತ್ತಿತ್ತು. ಉಣ್ಣುವಾಗ ತುತ್ತು ಬಾಯಿಯ ಹತ್ತಿರ ನಿಂತುಬಿಡುತ್ತಿತ್ತು. ನಾನು ಬಾಗಿಲಿಗೆ ಬಂದರೆ ಸಾಕು, ಅಜ್ಜಿಯ ತಲೆ ನನ್ನ ಹೆಜ್ಜೆಯ ಸದ್ದಿನ ಕಡೆ ತಿರುಗುವುದು.

"ಸಿಕ್ತೇನ?"

"ಇಲ್ಲಜ್ಜಿ."

"ಲಗೂ ಹುಡುಕಲೇ. ನನ್ನ ಕಣ್ಣು ಪೂರಾ ಹೋಗೂದ್ರೊಳಗ ಅವನ ಮಾರಿ ನೋಡಬೇಕು."

ಹನ್ನೊಂದು ವರ್ಷದ ಹುಡುಗಿಯ ತಲೆಯ ಮೇಲೆ ಇಂಥ ಭಾರ ಹೊರಿಸಬಾರದಿತ್ತು. ಆದರೆ ಹೊರಿಸಿದವಳಿಗೆ ಬೇರೆ ದಾರಿ ಇರಲಿಲ್ಲ, ಹೊತ್ತವಳಿಗೆ ಅದರಲ್ಲಿ ಹೆಮ್ಮೆಯೂ ಇತ್ತು.

ಎಷ್ಟೋ ದಿನ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಗೋಡೆಯ ಮೇಲೆ ಉಳಿದ ಅಂಕಿಗಳನ್ನು ಕೂರಿಸುತ್ತಿದ್ದವಳಿಗೆ ಎದುರಿಗೇ ಒಂದು ಏಣಿ ಕಂಡಿತು. ೯೮೭೬೫೪೩೨೧೦. ಒಂಬತ್ತರಿಂದ ಮೆಟ್ಟಿಲು ಮೆಟ್ಟಿಲಾಗಿ ಸೊನ್ನೆಗೆ ಇಳಿಯುವ ಸಂಖ್ಯೆ. ಇಷ್ಟು ಸುಲಭವೇ ಎಂದು ನನಗೆ ನಂಬಿಕೆಯಾಗಲಿಲ್ಲ. ಅಜ್ಜಿಯ ಹಾಗೆ ಗುನುಗುತ್ತ ಪರೀಕ್ಷಿಸಿದೆ. ಎರಡು: ತೊಂಬತ್ತೆಂಟು, ಆಯಿತು. ಮೂರು: ಒಂಬೈನೂರ ಎಂಬತ್ತೇಳು, ಆಯಿತು. ನಾಲ್ಕು, ಐದು, ಆರು, ಆಯಿತು. ಮತ್ತೊಂದು... ಎಂಟು. ಮೊದಲ ಎಂಟು ಅಂಕಿಗಳನ್ನು ಎಂಟರಿಂದ ಭಾಗಿಸಿದರೆ ೧೨೩೪೫೬೭೯ ಬಂತು, ಶೇಷ ಸೊನ್ನೆ. ಒಂಬತ್ತೂ ಆಯಿತು, ಹತ್ತೂ ಆಯಿತು. ನಾನು ಕೂಗಿದ ಕೂಗಿಗೆ ಹಿತ್ತಲಿನ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಅವ್ವ ಅವತ್ತೇ ನನ್ನ ಕೈಯಲ್ಲಿ ಕಾಗದ ಬರೆಸಿ ಅಂಚೆ ಡಬ್ಬಿಗೆ ಹಾಕಿದಳು. ಅಜ್ಜಿ ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ಲು ಸೀರೆ ಉಟ್ಟು ಕೂತಳು. ಕಾಗದ ಹಡಗಲಿ ಮುಟ್ಟುವುದಕ್ಕೆ ಎರಡು ದಿನ ಬೇಕೆಂದು ಹೇಳಿದರೂ ಕೇಳಲಿಲ್ಲ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ನನ್ನ ಕೈಕಾಲು ಸುಮ್ಮನಿರುವುದಿಲ್ಲ. ಬಸ್ಸಿನ ಸದ್ದಾದರೆ ಊರ ಅಗಸೆಬಾಗಿಲ ತನಕ ಓಡುತ್ತಿದ್ದೆ. ಚಿಗಪ್ಪನ ಮುಖ ಹೇಗಿದೆಯೆಂದು ಗೊತ್ತಿಲ್ಲದ್ದರಿಂದ ಬಸ್ಸಿಳಿದ ಗಂಡಸರನ್ನೆಲ್ಲ ಗುರಾಯಿಸಿ ನೋಡುತ್ತಿದ್ದೆ. ಎಂಟು ದಿನದ ಮೇಲೆ ಬಂದದ್ದು ಕಾಗದ. ಅಜ್ಜಿ, ಅವ್ವ ಇಬ್ಬರೂ ಕೂತಿದ್ದಾಗ ಜೋರಾಗಿ ಓದತೊಡಗಿದೆ.

"ರತ್ನಾ, ನಿನ್ನ ಸಂಖ್ಯೆ ಎಲ್ಲ ಪರೀಕ್ಷೆಯನ್ನೂ ಗೆದ್ದಿದೆ, ಒಂದನ್ನು ಬಿಟ್ಟು. ಮೊದಲ ಏಳು ಅಂಕಿಗಳನ್ನು ನೀನು ಏಳರಿಂದ ಭಾಗಿಸಿ ನೋಡಿಲ್ಲ. ಐದು ಶೇಷ ಉಳಿಯುತ್ತದೆ. ಇದು ನಿನ್ನ ತಪ್ಪಲ್ಲ, ಮಗಳೇ. ಆ ಮನೆಯಲ್ಲಿ ಇನ್ನೂ ಹಾಗೆಯೇ ಎಣಿಸುತ್ತಾರೆಂದು ತಿಳಿಯಿತು. ನಾನು ಬರುವುದಿಲ್ಲ."

ಅರ್ಥವಾಗದೆ ಇಬ್ಬರ ಮುಖ ನೋಡಿದೆ. ಅಜ್ಜಿ ಎದ್ದು, ಗೋಡೆ ಹಿಡಿದುಕೊಂಡು ದೇವರ ಕೋಣೆಗೆ ಹೋದಳು. ಅವ್ವ ಅವತ್ತು ಒಲೆಯ ಮುಂದೆ ಕೂತು ಎಲ್ಲ ಹೇಳಿದಳು.

"ನಿಮ್ಮಜ್ಜಿಗೆ ಏಳು ಮಕ್ಕಳು. ನಿಮ್ಮಪ್ಪ ಮೊದಲನೆಯವ್ರು, ನಡುವ ಐದು ಹೆಣ್ಣು, ಕಡೀಗೆ ಸಿದ್ದಪ್ಪ. ಹಡಗಲಿ ದವಾಖಾನಿಯಾಗ ನರ್ಸ್ ಇದ್ದಳು ಸುಜಾತಾ ಅಂತ. ನಮ್ಮ ಮಂದಿ ಅಲ್ಲ. ಅಕಿನ್ನ ಮದುವಿ ಆಗಿ ಕರಕೊಂಡು ಬಂದ. ನಿಮ್ಮಪ್ಪ ಒಳಗ ಬಿಡಲಿಲ್ಲ. ಅವತ್ತು ಪಡಸಾಲ್ಯಾಗ ನಿಮ್ಮಜ್ಜಿ ಜೋಳ ಅಳಿಯಾಕ ಹತ್ತಿದ್ಲು. ನಿಮ್ಮಪ್ಪ, ಈ ಮನ್ಯಾಗ ಆರೇ ಮಕ್ಕಳು, ಏಳನೇದು ಹುಟ್ಟೇ ಇಲ್ಲ, ಇನ್ನ ಮ್ಯಾಲೆ ಆ ಎಣಿಕಿ ಯಾರ ಬಾಯಾಗೂ ಬರಬಾರದು ಅಂದ್ರು. ಯಾರಾದ್ರೂ ಎಷ್ಟು ಮಕ್ಕಳು ಅಂತ ಕೇಳಿದ್ರ ಆರು ಅನ್ನಬೇಕು ಅಂದ್ರು. ಸಿದ್ದಪ್ಪ ಚೀಲ ಹಿಡಕೊಂಡು ಹೊರಗ ನಿಂತಿದ್ದ. ನಿಮ್ಮಜ್ಜಿ ಸೇರು ತುಂಬಿ, ಆರು ಅಂದು, ಮತ್ತೊಂದು ಅಂದ್ಲು. ಅವ ಅದನ್ನ ಕೇಳಿಸಿಕೊಂಡೇ ಹೋಗ್ಯಾನ."

"ಅಜ್ಜಿ ಯಾಕ ಅಂದ್ಲು?"

"ಗಂಡ ಸತ್ತಿದ್ದ. ಮಗನ ಮನ್ಯಾಗ ಇರಬೇಕಲ್ಲ."

ಏಳನ್ನು ನಾನು ಬೇಕೆಂದು ಬಿಟ್ಟಿರಲಿಲ್ಲ. ಏಳರ ಪರೀಕ್ಷೆ ಕಷ್ಟವೆಂದು ಜಾರಿಕೊಂಡದ್ದೂ ಅಲ್ಲ. ಬಾಯಿ ತನ್ನ ಅಭ್ಯಾಸದಂತೆ 'ಮತ್ತೊಂದು' ಅಂದಿತು, ಕೈ ಅದನ್ನು ದಾಟಿ ಎಂಟಕ್ಕೆ ಹೋಯಿತು, ಅಷ್ಟೇ. ಮುಂದೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಗಣಿತದ ಟೀಚರಾದೆ. ನಿವೃತ್ತಿಯಾಗುವತನಕ ಪ್ರತಿ ವರ್ಷ ಮಕ್ಕಳಿಗೆ ಈ ಲೆಕ್ಕ ಕೊಟ್ಟಿದ್ದೇನೆ. ಬಗೆಬಗೆಯ ತಪ್ಪು ಮಾಡಿದ ಮಕ್ಕಳನ್ನು ಕಂಡಿದ್ದೇನೆ, ನಾನು ಮಾಡಿದ ತಪ್ಪನ್ನು ಒಬ್ಬರೂ ಮಾಡಲಿಲ್ಲ. ಈಗಿನವರು ಮೊಬೈಲಿನಲ್ಲಿ ಚಿಟಿಕೆ ಹೊಡೆಯುವುದರಲ್ಲಿ ಉತ್ತರ ತೆಗೆಯುತ್ತಾರೆ, ನನಗೆ ಸಿಟ್ಟು ಬರುತ್ತದೆ. ಈಗ ಎಲ್ಲರ ಹತ್ತಿರವೂ ಹತ್ತು ಅಂಕಿಗಳ ನಂಬರೊಂದು ಇರುತ್ತದಲ್ಲ, ಯಾರಾದರೂ ಬರೆದುಕೊಟ್ಟರೆ ಸಾಕು, ಮೊದಲ ಏಳು ಅಂಕಿಗಳನ್ನು ಏಳರಿಂದ ಭಾಗಿಸಿ ನೋಡುವವರೆಗೆ ನನಗೆ ಸಮಾಧಾನವಿಲ್ಲ. ಮಗಳು ಇದನ್ನು ಕಾಯಿಲೆ ಅನ್ನುತ್ತಾಳೆ.

ಎರಡನೆಯ ಸಲದ ಹುಡುಕಾಟದಲ್ಲಿ ಆಟ ಇರಲಿಲ್ಲ. ಅಜ್ಜಿ ಜೋಳ ಅಳೆಯುವುದನ್ನು ನಿಲ್ಲಿಸಿದ್ದಳು, ಕರೆಯಲು ಬಂದವರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಎರಡು ರೊಟ್ಟಿ ಉಣ್ಣುವವಳು ಅರ್ಧಕ್ಕೆ ಇಳಿದಳು. ಸಿಕ್ಕಿತೇನ ಎಂದು ಕೇಳುವುದನ್ನೂ ಬಿಟ್ಟಳು. ಅದು ನನ್ನನ್ನು ಹೆಚ್ಚು ಕೊರೆಯಿತು. ನಾನು ಅಪ್ಪನಿಗೆ ಕೇಳಿಸಲಿ ಎಂದೇ ಹಿತ್ತಲಿನಲ್ಲಿ ನಿಂತು ಏಳರ ಮಗ್ಗಿಯನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದೆ. ಏಳೇಳ್ಲೆ ನಲವತ್ತೊಂಬತ್ತು ಅನ್ನುವಾಗ ಕೆನ್ನೆಯ ಮೇಲೆ ಏಟು ಬಿತ್ತು. ಅಪ್ಪ ನನ್ನನ್ನು ಹೊಡೆದದ್ದು ಅದೊಂದೇ ಸಲ. ನಾನು ಅಳಲಿಲ್ಲ, ಏಳೆಂಟ್ಲೆ ಐವತ್ತಾರು ಎಂದೆ. ಅವರು ಎತ್ತಿದ ಕೈಯನ್ನು ಹಾಗೇ ಇಳಿಸಿ ಅಂಗಡಿಗೆ ಹೋದರು.

ಈ ಸಲ ಹಠ ಹಿಡಿದು ಏಳರದ್ದೊಂದನ್ನು ಬಿಟ್ಟು ಉಳಿದ ಎಲ್ಲ ಪರೀಕ್ಷೆಗಳನ್ನೂ ಗೆಲ್ಲುವ ಸಂಖ್ಯೆಗಳನ್ನು ಪಟ್ಟಿ ಮಾಡಿದೆ. ಹತ್ತು ಸಿಕ್ಕವು, ಹತ್ತೇ. ನನ್ನ ಏಣಿಯೂ ಅವುಗಳಲ್ಲೊಂದು. ನಾಲ್ಕನ್ನು, ಎಂಟನ್ನು, ಒಂಬತ್ತನ್ನು ಎಲ್ಲ ಸುಧಾರಿಸಿಕೊಂಡು ಬಂದ ಹತ್ತು ಸಂಖ್ಯೆಗಳೂ ಈಗ ಏಳರ ಮುಂದೆ ಸಾಲಾಗಿ ನಿಂತಿದ್ದವು. ಒಂದೊಂದನ್ನೇ ಭಾಗಿಸಿದೆ. ಒಂದರಲ್ಲಿ ಆರು ಉಳಿಯಿತು, ಒಂದರಲ್ಲಿ ಎರಡು. ಶೇಷ, ಶೇಷ, ಶೇಷ. ೩೮೧೬೫೪೭ ಎಂಬುದನ್ನು ಭಾಗಿಸಿದಾಗ ೫೪೫೨೨೧ ಬಂತು, ಕೆಳಗೆ ಸೊನ್ನೆ. ಮತ್ತೆ ಮಾಡಿದೆ, ಸೊನ್ನೆ. ಕೂಗಲಿಲ್ಲ, ಕೂಗುವ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತೆ.

"ಅಜ್ಜಿ, ಸಿಕ್ತು. ೩೮೧೬೫೪೭೨೯೦."

ಅಜ್ಜಿ ನನ್ನ ಕಡೆ ಸರಿದು ಕೂತಳು. ಆಮೇಲೆ ಕೇಳಿದಳು:

"ಅದರಾಗ ಅದು ಎಲ್ಲೈತಿ?"

ಯಾವುದು ಎಂದು ನಾನು ಕೇಳಲಿಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಹತ್ತು ಅಂಕಿಗಳನ್ನು ದೊಡ್ಡದಾಗಿ ಬರೆದು, ಅವಳ ತೋರುಬೆರಳು ಹಿಡಿದು ಮೊದಲನೆಯದರ ಮೇಲಿಟ್ಟೆ. ಅವಳು ಜಾಗ ಎಣಿಸುತ್ತ ಬಂದಳು. ಲಾಭ, ಎರಡು, ಮೂರು, ನಾಕು, ಐದು, ಆರು. ಮುಂದಿನ ಅಂಕಿಯ ಮೇಲೆ ಬೆರಳು ನಿಂತಿತು.

"ಇದು ಯಾವ ಅಂಕಿ?"

"ಅದೇ, ಅಜ್ಜಿ. ತನ್ನ ಜಾಗದಾಗ ತಾನೇ ಕುಂತೈತಿ."

ನಿಜಕ್ಕೂ ಹಾಗೆಯೇ ಇತ್ತು. ಏಳನೆಯ ಮನೆಯಲ್ಲಿ ಏಳು. ನಾನು ಬರೆಯುವಾಗ ಗಮನಿಸಿರಲಿಲ್ಲ, ಅವಳ ಬೆರಳು ನಿಂತಾಗಲೇ ಕಂಡದ್ದು. ಅಜ್ಜಿ ಆ ಅಂಕಿಯ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಬೆರಳಿಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

"ನಾಳಿಗೆ ಹಡಗಲಿ ಬಸ್ಸು ಎಷ್ಟೊತ್ತಿಗೈತಿ?"

ಬೆಳಿಗ್ಗೆ ಅಪ್ಪ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಅಜ್ಜಿಯ ಕೈ ನನ್ನ ಹೆಗಲ ಮೇಲಿತ್ತು.

"ಎಲ್ಲಿಗಿ ಹೊಂಟೀಯವ್ವಾ?"

"ಸಿದ್ದನ ಮನಿಗೆ."

"ನನ್ನ ಮಾತು ಮೀರಿ ಹೋಗ್ತಿ?"

"ಹೂಂ, ಕೊಟ್ರಾ. ಮೀರೇ ಹೊಂಟೀನಿ. ಸರಿ ಅತ್ತಾಗ."

ಅಪ್ಪ ಸರಿದರು. ಹಿಂದಿನಿಂದ, ಅವರ ಮನೆಯ ನೀರು ಮುಟ್ಟಬೇಡ ಎಂದು ಕೂಗಿದರು. ಅಪ್ಪನ ಬಗ್ಗೆ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಆ ದಿನದ ನಂತರ ಅಜ್ಜಿ ತಿಂಗಳಿಗೊಮ್ಮೆ ಹಡಗಲಿಗೆ ಹೋದಳು, ಅಪ್ಪ ಒಮ್ಮೆಯೂ ತಡೆಯಲಿಲ್ಲ, ಒಮ್ಮೆಯೂ ಜೊತೆಗೆ ಬರಲಿಲ್ಲ. ಕೆಲವು ಸಲ ಬಾಗಿಲ ಬಳಿ ಹುರಿದ ಶೇಂಗಾದ ಚೀಲವೊಂದು ಇರುತ್ತಿತ್ತು. ಯಾರಿಗೆ ಎಂದು ಅವರು ಹೇಳುತ್ತಿರಲಿಲ್ಲ, ನಾವು ಕೇಳದೆ ಒಯ್ಯುತ್ತಿದ್ದೆವು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು, ನನಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪ್ರೀತಿಯೂ ಹೋಗಿಲ್ಲ, ಅದೇ ತೊಂದರೆ.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹಡಗಲಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಹೋದೆವು. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮಲ್ಲಿಗೆ. ಬಾಗಿಲು ತೆರೆದವರು ಚಿಗಮ್ಮ ಸುಜಾತಾ, ದವಾಖಾನೆಗೆ ಹೊರಡುವ ಬಿಳಿ ಸೀರೆಯಲ್ಲಿದ್ದರು. ಯಾರೆಂದು ನಾನು ಹೇಳಿದೆ. ಅವರು ತಂಬಿಗೆಯಲ್ಲಿ ನೀರು ತಂದವರು ಕೊಡಲೋ ಬೇಡವೋ ಎಂದು ಅಲ್ಲೇ ನಿಂತರು. ಅಜ್ಜಿ ಸದ್ದು ಹಿಡಿದು ಕೈ ಚಾಚಿ, ತಂಬಿಗೆ ಎತ್ತಿ ಗಟಗಟನೆ ಕುಡಿದು, ಇನ್ನೊಂದಿಷ್ಟು ತಾ ಎಂದಳು. ಒಳಗಿನಿಂದ ಚಿಗಪ್ಪ ಬಂದರು. ಥೇಟು ಅಪ್ಪನ ಮೂಗು. ಅವರು ಅಜ್ಜಿಯ ಕಾಲಿಗೆ ಬಿದ್ದರು, ಅಜ್ಜಿ ಅವರ ಮುಖವನ್ನೆಲ್ಲ ಕೈಯಲ್ಲಿ ಸವರಿ ನೋಡಿದಳು. ಅಷ್ಟು ವರ್ಷ ದೂರವಿದ್ದವರು ಏನು ಮಾತಾಡುತ್ತಾರೆ? ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಅವರು ಕೇಳಿದರು, ಸಿಕ್ಕಿತು ಎಂದು ಇವಳು ಹೇಳಿದಳು. ಚಿಗಪ್ಪನ ದನಿಯಲ್ಲಿ ಇನ್ನೂ ಒಂದು ಬಿಗಿ ಇತ್ತು. ಆ ಬಿಗುವು ತಾಳಲಾರದೆ ನಾನು ಚೀಟಿಯನ್ನು ಅವರ ಕೈಗೆ ತುರುಕಿದೆ. ಅವರೂ ಬಚಾವಾದೆ ಎಂಬಂತೆ ಪೆನ್ಸಿಲ್ ತೆಗೆದು ನೆಲದ ಮೇಲೆ ಕೂತು, ಮೊದಲ ಏಳು ಅಂಕಿಗಳನ್ನು ಭಾಗಿಸತೊಡಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು, ಕಟ್ಟುತ್ತಿದ್ದ ಮಲ್ಲಿಗೆ ದಂಡೆಯನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದರು. ಯಾರು ಎತ್ತ ಎಂದು ವಿಚಾರಿಸಿ, ಅಜ್ಜಿಯ ಎದುರು ಕೂತು, ಹೊಸ ಮುದುಕಿಯನ್ನು ಕಂಡಾಗ ನಮ್ಮ ಕಡೆ ಯಾರಾದರೂ ಕೇಳುವ ಮಾತನ್ನೇ ಕೇಳಿದರು.

"ನಿಮಗ ಎಷ್ಟು ಮಂದಿ ಮಕ್ಕಳ್ರೀ, ಅಮ್ಮಾ?"

ಚಿಗಪ್ಪನ ಪೆನ್ಸಿಲ್ ನಿಂತಿತು. ಅವರು ತಲೆಯೆತ್ತಲಿಲ್ಲ. ಅಜ್ಜಿ ಕೈಯಾಡಿಸಿ ಚಿಗಪ್ಪನ ಹೆಗಲು ಹಿಡಿದಳು.

"ಏಳು ಮಂದಿ, ನಮ್ಮವ್ವಾ," ಎಂದಳು. "ಇವ ಏಳನೆಯವ."

ಚಿಗಪ್ಪ ಭಾಗಾಕಾರವನ್ನು ಅಷ್ಟಕ್ಕೇ ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.